ತುಂಬೆಯ ಊರಿನಲ್ಲೊಂದು ಹೆಸರರಿಯದ ಗಿಡ

ಬೆಂಗಳೂರಿನ ಪೂರ್ವ ದಿಕ್ಕಿನಲ್ಲಿ, ಹಲಸೂರಿಗೆ ಅನತಿದೂರದಲ್ಲಿ, ಹಳೆಯ ವಿಮಾನ ನಿಲ್ದಾಣದ ರಸ್ತೆಯ ಮಗ್ಗುಲಿಗೆ ದೊಮ್ಮಲೂರು ಇದೆ. ಹಿಂದೆ ಹಳ್ಳಿಯಾಗಿದ್ದ ಈ ಊರು ಬ್ರಿಟಿಷರ ಕಾಲದಲ್ಲಿ ದಂಡಿನ ಆಡಳಿತಕ್ಕೆ ಸೇರಿತ್ತು. 1949ರಲ್ಲಿ ಪೇಟೆಯೂ ದಂಡೂ ಒಂದುಗೂಡಿ ಬೆಂಗಳೂರು ಕಾರ್ಪೊರೇಷನ್ ರೂಪುಗೊಂಡಿತು. ಅನಂತರದ ದಶಕಗಳಲ್ಲಿ ಇಲ್ಲಿ ಬಡಾವಣೆಗಳು ಎದ್ದವು, ರಸ್ತೆಗಳು ಅಗಲವಾದವು, ಮೇಲುಸೇತುವೆ ಬಂದಿತು. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಯ ಕಡೆಗೆ ಹೊರಟುಹೋದವು. ರಸ್ತೆಗೆ ವಿಮಾನ ನಿಲ್ದಾಣದ ಹೆಸರು ಮಾತ್ರ ಉಳಿಯಿತು.

ಊರಿನ ಹೆಸರಿಗಾದರೋ ಇದಕ್ಕಿಂತ ಬಹು ಹಿಂದಿನ ಕಥೆಯಿದೆ. ಇಲ್ಲಿಯ ಚೊಕ್ಕನಾಥಸ್ವಾಮಿ ದೇವಾಲಯದ ತಮಿಳು ಶಾಸನಗಳಲ್ಲಿ ಊರನ್ನು ತೊಂಬಲೂರು ಎಂದೂ ದೇಸಿಮಾಣಿಕ್ಕಪಟ್ಟಣ ಎಂದೂ ಕರೆಯಲಾಗಿದೆ. ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1905ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕ'ದ ಒಂಬತ್ತನೆಯ ಸಂಪುಟವಾಗಿ ಹೊರತಂದರು. ತೊಂಬಲೂರು ಎಂಬುದು ತುಂಬೆಯಿಂದ ಬಂದಿತೆಂದು, ಶಿವಪೂಜೆಗೆ ಸಲ್ಲುವ ತುಂಬೆಯ ಹೂ ಇಲ್ಲಿ ಹೇರಳವಾಗಿ ಬೆಳೆಯುತ್ತಿದ್ದುದರಿಂದ ಊರಿಗೆ ಆ ಹೆಸರಾಯಿತೆಂದು ಹೇಳುವ ವಾಡಿಕೆಯುಂಟು. ನೆರೆಯ ಹಲಸೂರಿಗೆ ಹಲಸಿನ ಮರಗಳಿಂದ ಹೆಸರು ಬಂದಿತೆನ್ನುವುದನ್ನೂ ಹಿರಿಯರು ಬಲ್ಲರು. ಹೊಂಗಸಂದ್ರ, ಅತ್ತಿಗುಪ್ಪೆ ಮೊದಲಾದ ಹೆಸರುಗಳನ್ನು ಇವುಗಳೊಡನೆ ಇಟ್ಟು ನೋಡಿದರೆ, ನಮ್ಮ ಪೂರ್ವಿಕರು ಮರಗಿಡಗಳ ಗುರುತಿನಿಂದಲೇ ಊರುಗಳನ್ನು ಗುರುತಿಸುತ್ತಿದ್ದರೆಂಬುದು ಸ್ಪಷ್ಟವಾಗುತ್ತದೆ.

ಚೊಕ್ಕನಾಥಸ್ವಾಮಿ ಎಂಬ ಹೆಸರನ್ನು ಕೇಳಿದೊಡನೆ ನಮ್ಮಲ್ಲಿ ಹಲವರು ಇದು ಶಿವಾಲಯವೆಂದೇ ಭಾವಿಸುವುದುಂಟು. ಮಧುರೆಯ ಸುಂದರೇಶ್ವರನಿಗೆ ಚೊಕ್ಕನಾಥನೆಂಬ ಹೆಸರಿದೆಯಷ್ಟೆ. ಆದರೆ ದೊಮ್ಮಲೂರಿನ ಗರ್ಭಗುಡಿಯಲ್ಲಿರುವುದು ವಿಷ್ಣುವಿನ ವಿಗ್ರಹ. ತಮಿಳರ ಮಾತಿನಲ್ಲಿ ಇವನು ಚೊಕ್ಕಪೆರುಮಾಳ್. ಒಳಹೊಕ್ಕು ಕಣ್ಣಾರೆ ನೋಡಿದವರಿಗೆ ಮಾತ್ರ ಇದು ತಿಳಿಯುತ್ತದೆ. ಹೆಸರನ್ನು ಕಿವಿಯಿಂದ ಕೇಳಿದರೆ ಸಾಲದು, ವಸ್ತುವನ್ನು ಕಣ್ಣಿನಿಂದ ನೋಡಬೇಕು ಎಂಬ ಮಾತಿಗೆ ಈ ಊರಿನಲ್ಲಿಯೇ ಇನ್ನೊಂದು ನಿದರ್ಶನ ದೊರೆಯಿತು. ಅದು ಒಂದು ಗಿಡದ ವಿಷಯ. ಅದನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ಮೂರು ಬಣ್ಣದ ಹೂ

ದೊಮ್ಮಲೂರು ಬಡಾವಣೆಯಲ್ಲಿ ನಮ್ಮ ಬಂಧುಗಳ ಮನೆಯೊಂದಿದೆ. ತುಮಕೂರಿನ ಕಡೆಯಿಂದ ಬಂದು ಬಹುಕಾಲದಿಂದ ಅಲ್ಲಿ ನೆಲೆಸಿದ ಸಂಸಾರ. ಮನೆಯ ಸುತ್ತ ಎಂಟು ಹತ್ತು ಅಡಿಗಳಷ್ಟು ಜಾಗ ಬಿಟ್ಟು ಬಿಲ್ವ, ನಂದಿಬಟ್ಟಲು, ದಾಸವಾಳ, ಮಲ್ಲಿಗೆ, ಒಂದು ಪಾರಿಜಾತ ಇಷ್ಟನ್ನು ಬೆಳೆಸಿಕೊಂಡಿದ್ದಾರೆ. ಮನೆಯ ಹಿರಿಯರಾದ ದೊಡ್ಡಮ್ಮನವರು ಬೆಳಗಿನ ಇಷ್ಟಲಿಂಗ ಪೂಜೆಗೆ ಹೂಪತ್ರೆಗಳನ್ನು ತಾವೇ ಬಿಡಿಸಿ ತರುತ್ತಾರೆ. ಅಂಗಡಿಯ ಹೂ ಅವರಿಗೆ ಒಗ್ಗದು.

ಆ ತೋಟದ ಈಶಾನ್ಯದ ಮೂಲೆಯಲ್ಲಿ, ಆಳೆತ್ತರದ ಒಂದು ಪೊದೆ. ಅದನ್ನು ನೆಟ್ಟವರು ಯಾರೆಂದು ಮನೆಯಲ್ಲಿ ಯಾರಿಗೂ ನೆನಪಿಲ್ಲ. ವಸಂತದಲ್ಲಿ ಎಲೆ ಕಾಣದಂತೆ ಹೂ ಬಿಡುತ್ತದೆ. ನಾವು ಹೋದಾಗಲೂ ಹಾಗೆಯೇ ಹೂ ಬಿಟ್ಟಿತ್ತು. ವಿಸ್ಮಯವೆಂದರೆ ಒಂದೇ ಗಿಡದಲ್ಲಿ, ಒಂದೇ ರೆಂಬೆಯಲ್ಲಿ, ಕಡುನೇರಳೆ, ತಿಳಿನೇರಳೆ, ಬಿಳುಪು ಹೀಗೆ ಮೂರು ಬಣ್ಣದ ಹೂಗಳು.

"ಇದನ್ನು ಲಿಂಗಕ್ಕೆ ಏರಿಸಬಹುದೇನಪ್ಪಾ? ಇಷ್ಟು ವರ್ಷ ಹೆಸರು ತಿಳಿಯದೆ ಬಿಟ್ಟಿದ್ದೇನೆ. ಬಿಟ್ಟರೆ ಹೂ ಸುಮ್ಮನೆ ಉದುರಿಹೋಗುತ್ತದಲ್ಲ ಎಂದು ಸಂಕಟ" ಎಂದರು ದೊಡ್ಡಮ್ಮನವರು.

ವಿಷಯ ಅಷ್ಟಕ್ಕೇ ನಿಂತಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಬೀದಿಯ ಪರಿಚಯಸ್ಥರೊಬ್ಬರು ಈ ಗಿಡವನ್ನು ನೋಡಿ, ಇದೂ ಪಾರಿಜಾತದ ಒಂದು ಬಗೆಯೆಂದು ಹೇಳಿಹೋಗಿದ್ದರು. ಪಾರಿಜಾತದ ಎಲೆಯ ಕಷಾಯ ಕೀಲುನೋವಿಗೆ ಒಳ್ಳೆಯದೆಂಬ ಮಾತು ನಮ್ಮ ಮನೆಗಳಲ್ಲಿ ಬಳಕೆಯಲ್ಲಿದೆ. ದೊಡ್ಡಮ್ಮನವರಿಗೆ ಮಂಡಿನೋವು. ತಮ್ಮ ಪಾರಿಜಾತದಲ್ಲಿ ಎಲೆ ಕಡಿಮೆಯಾಗಿದ್ದುದರಿಂದ ಈ ಗಿಡದ ಎಲೆಯನ್ನೇ ಕುದಿಸಿ ಕುಡಿಯುವ ಯೋಚನೆ ಮನೆಯಲ್ಲಿ ನಡೆದಿತ್ತು. ಸೊಸೆಯಾದವರು ಮಾತ್ರ, "ಗೊತ್ತಿರುವವರನ್ನು ಒಂದು ಮಾತು ಕೇಳೋಣ, ಅತ್ತೆ" ಎಂದು ತಡೆದಿದ್ದರು. ಮನೆಯಲ್ಲಿ ಮೂರು ವರ್ಷದ ಮೊಮ್ಮಗುವೂ ಇದೆ. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸು. ಆದ್ದರಿಂದ ಈ ಗಿಡದ ಹೆಸರನ್ನು ಕಂಡುಹಿಡಿಯುವುದು ಕೇವಲ ಕುತೂಹಲದ ಮಾತಾಗಿ ಉಳಿಯಲಿಲ್ಲ.

ಗುರುತು ಹಿಡಿದ ಬಗೆ

ಈಗ ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆದರೆ ಗಿಡದ ಹೆಸರನ್ನು ಹೇಳುವ ತಂತ್ರಾಂಶಗಳಿವೆ. ಮನೆಯ ಹುಡುಗರು ಅದನ್ನೂ ಮಾಡಿ ನೋಡಿದರು. ಬಿಳಿಯ ಹೂವೊಂದರ ಚಿತ್ರಕ್ಕೆ ಒಂದು ಹೆಸರು ಬಂದಿತು, ನೇರಳೆ ಹೂವಿನ ಚಿತ್ರಕ್ಕೆ ಬೇರೊಂದು. ಇಂತಹ ಸಾಧನಗಳು ದಾರಿ ತೋರಿಸಬಲ್ಲವು. ಕಷಾಯ ಕುಡಿಯುವ ಮಟ್ಟದ ನಂಬಿಕೆಗೆ ಅವು ಸಾಲವು. ಆದುದರಿಂದ ನಿವೃತ್ತರಾದ ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರನ್ನು ಮನೆಗೆ ಬರಮಾಡಿಕೊಂಡೆವು. ಅವರು ಗಿಡದ ಹೆಸರನ್ನು ಥಟ್ಟನೆ ಹೇಳಲಿಲ್ಲ. ಮೊದಲು ಪಾರಿಜಾತದ ಒಂದು ರೆಂಬೆಯನ್ನೂ ಈ ಗಿಡದ ಒಂದು ರೆಂಬೆಯನ್ನೂ ಅಕ್ಕಪಕ್ಕ ಇಟ್ಟು, "ಇವೆರಡರ ವ್ಯತ್ಯಾಸವನ್ನು ನೀವೇ ಹೇಳಿ" ಎಂದು ಮನೆಯವರನ್ನೇ ಕೇಳಿದರು.

ನೋಡುತ್ತ ಹೋದಂತೆ ವ್ಯತ್ಯಾಸಗಳು ಒಂದೊಂದಾಗಿ ತೋರಿದವು. ಪಾರಿಜಾತದ ಎಳೆಯ ಕೊಂಬೆಯನ್ನು ಬೆರಳುಗಳ ನಡುವೆ ಹೊರಳಿಸಿದರೆ ನಾಲ್ಕು ಮೂಲೆ ಕೈಗೆ ಹತ್ತುತ್ತದೆ. ಈ ಗಿಡದ ಕೊಂಬೆ ದುಂಡಗಿದೆ. ಪಾರಿಜಾತದ ಎಲೆಗಳು ಜೋಡಿಜೋಡಿಯಾಗಿ ಎದುರುಬದುರು ಹುಟ್ಟುತ್ತವೆ. ಇಲ್ಲಿ ಒಂದು ಎಲೆ ಎಡಕ್ಕೆ, ಮುಂದಿನದು ಬಲಕ್ಕೆ. ಪಾರಿಜಾತದ ಎಲೆಯನ್ನು ಸವರಿದರೆ ಮರಳುಕಾಗದದಂತೆ ಒರಟು. ಇದರ ಎಲೆ ನುಣುಪು, ಮೇಲೆ ಕಡುಹಸಿರು, ಕೆಳಗೆ ತುಸು ಬಿಳಿಚು. ಪಾರಿಜಾತದ ಹೂವಿಗೆ ಕಿತ್ತಳೆ ಬಣ್ಣದ ತೊಟ್ಟಿನಂತಹ ನಳಿಕೆಯಿದ್ದು, ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ನೆಲಕ್ಕೆ ಬೀಳುತ್ತದೆ. ಈ ಹೂವಾದರೋ ಗಿಡದಲ್ಲಿಯೇ ಮೂರು ದಿನ ನಿಲ್ಲುತ್ತದೆ. ಇಷ್ಟಾದ ಮೇಲೆ ಇದು ಪಾರಿಜಾತವಲ್ಲವೆಂದು ಹೇಳಲು ಅಧ್ಯಾಪಕರ ಅಗತ್ಯವೇ ಬೀಳಲಿಲ್ಲ. ದೊಡ್ಡಮ್ಮನವರೇ ಹೇಳಿದರು.

ಪಾರಿಜಾತವಲ್ಲದಿದ್ದರೆ ಮತ್ತೇನು? ಅಧ್ಯಾಪಕರು ಒಂದು ಹೂವನ್ನು ತೆಗೆದುಕೊಂಡು ಅದರ ಉದ್ದನೆಯ ನಳಿಕೆಯನ್ನು ಬ್ಲೇಡಿನಿಂದ ಮೆಲ್ಲಗೆ ಸೀಳಿದರು. ಹೊರಗೆ ಐದು ದಳ, ಹೂವಿನ ಕಂಠದಲ್ಲಿ ಬಿಳಿಯ ಉಂಗುರ. ಒಳಗೆ ನಾಲ್ಕು ಕೇಸರಗಳು. ಎರಡು ಉದ್ದ, ಎರಡು ಗಿಡ್ಡ. ಆ ಮೇಲೆ ಗಿಡದ ಹೆಸರನ್ನು ಹೇಳಿದರು: ಬ್ರನ್‌ಫೆಲ್ಸಿಯಾ. ಇದರಲ್ಲಿ ಹಲವು ಪ್ರಭೇದಗಳಿದ್ದು, ದೊಡ್ಡ ಹೂವಿನ, ಹೆಚ್ಚು ಪರಿಮಳವಿಲ್ಲದ ಈ ಗಿಡ ಬ್ರೆಜಿಲ್ ದೇಶದ ಬ್ರನ್‌ಫೆಲ್ಸಿಯಾ ಪಾಸಿಫ್ಲೋರಾ. ಇಂಗ್ಲಿಷಿನವರು ತೋಟದ ಮಾತಿನಲ್ಲಿ ಇದನ್ನು 'ನಿನ್ನೆ, ಇಂದು, ನಾಳೆ' ಎಂದು ಕರೆಯುತ್ತಾರೆ. ಹೂ ಅರಳಿದ ದಿನ ಕಡುನೇರಳೆ, ಮರುದಿನ ತಿಳಿನೇರಳೆ, ಆಮೇಲೆ ಬಿಳುಪು. ದಳದಲ್ಲಿರುವ ನೇರಳೆ ವರ್ಣದ್ರವ್ಯ ದಿನದಿಂದ ದಿನಕ್ಕೆ ಕರಗುವುದೇ ಇದಕ್ಕೆ ಕಾರಣ. ಅಂದರೆ ಗಿಡದಲ್ಲಿರುವುದು ಮೂರು ಬಗೆಯ ಹೂವಲ್ಲ. ಒಂದೇ ಹೂವಿನ ಮೂರು ವಯಸ್ಸು. ಹುಡುಗರ ಫೋನು ಎರಡು ಹೆಸರು ಹೇಳಿದ್ದೇಕೆಂಬುದೂ ಆಗ ಅರ್ಥವಾಯಿತು.

ಈ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದಾನೆ. ಒಟ್ಟೊ ಬ್ರನ್‌ಫೆಲ್ಸ್ ಎಂಬಾತ ಜರ್ಮನಿಯವನು. 1488ರಲ್ಲಿ ಹುಟ್ಟಿ 1534ರಲ್ಲಿ ತೀರಿಕೊಂಡವನು. ಮೊದಲು ಕ್ರೈಸ್ತ ಮಠದಲ್ಲಿ ಸನ್ಯಾಸಿಯಾಗಿದ್ದು, ಆಮೇಲೆ ಮಠವನ್ನು ಬಿಟ್ಟು ವೈದ್ಯನಾದ. 1530ರಿಂದ ಅವನು ಹೊರತಂದ ಮೂಲಿಕೆಗಳ ಗ್ರಂಥ ಯೂರೋಪಿನಲ್ಲಿ ಹೆಸರಾಯಿತು. ಅಲ್ಲಿಯವರೆಗೆ ಇಂತಹ ಗ್ರಂಥಗಳ ಚಿತ್ರಗಳನ್ನು ಹಳೆಯ ಚಿತ್ರ ನೋಡಿ ನಕಲು ಮಾಡುವುದೇ ರೂಢಿ. ನಕಲಿನ ನಕಲಾಗಿ ಕೊನೆಗೆ ಗಿಡವೇ ಗುರುತು ಸಿಗದಂತಾಗುತ್ತಿತ್ತು. ಬ್ರನ್‌ಫೆಲ್ಸನ ಗ್ರಂಥಕ್ಕೆ ಚಿತ್ರ ಬರೆದ ಹ್ಯಾನ್ಸ್ ವೈಡಿಟ್ಸ್ ಎಂಬ ಕಲಾವಿದ ಗಿಡವನ್ನು ಎದುರಿಗಿಟ್ಟುಕೊಂಡು ಬರೆದ. ಬಾಡಿದ ಎಲೆಯನ್ನು ಬಾಡಿದಂತೆ, ಮುರಿದ ಕಾಂಡವನ್ನು ಮುರಿದಂತೆ ತೋರಿಸಿದ. ಕಣ್ಣಾರೆ ನೋಡಿ ಗುರುತಿಸುವ ಪದ್ಧತಿಗೆ ನೆರವಾದ ಗ್ರಂಥಕಾರನ ಹೆಸರೇ ಈ ಗಿಡಕ್ಕೆ ಬಂದಿರುವುದು ಉಚಿತವಾಗಿಯೇ ಇದೆ.

ಕುಲವನ್ನು ಕೇಳಬೇಕಾದ ಒಂದೆಡೆ

ಹೆಸರಿಗಿಂತ ಮುಖ್ಯವಾದುದು ಗಿಡದ ಕುಟುಂಬ. ಬ್ರನ್‌ಫೆಲ್ಸಿಯಾ ಬದನೆಯ ಕುಟುಂಬಕ್ಕೆ ಸೇರಿದುದು. ಈ ಕುಟುಂಬದ ಹೂಗಳಲ್ಲಿ ಸಾಮಾನ್ಯವಾಗಿ ಐದು ಕೇಸರಗಳಿರುತ್ತವೆ. ಇದರಲ್ಲಿ ನಾಲ್ಕೇ ಇರುವುದರಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ಬೇರೆ ಕುಟುಂಬಕ್ಕೆ ಸೇರಿಸಿದ್ದೂ ಉಂಟು. ನಾವು ದಿನನಿತ್ಯ ತಿನ್ನುವ ಬದನೆ, ಆಲೂಗಡ್ಡೆ, ಟೊಮ್ಯಾಟೊ, ಮೆಣಸಿನಕಾಯಿ ಈ ಕುಟುಂಬದವು. ಹೊಗೆಸೊಪ್ಪು, ಉಮ್ಮತ್ತಿ, ರಾತ್ರಿರಾಣಿ ಇವೂ ಅದೇ ಕುಟುಂಬದವು. ಅನ್ನವೂ ವಿಷವೂ ಒಂದೇ ಮನೆಯಲ್ಲಿ ಹುಟ್ಟಿವೆ. ಬ್ರನ್‌ಫೆಲ್ಸಿಯಾ ವಿಷದ ಪಾಲಿಗೆ ಸೇರಿದುದು. ಇದರ ಕಾಯಿ ಬೀಜಗಳನ್ನು ತಿಂದು ಸಾಕುನಾಯಿಗಳು ನಡುಕ ಬಂದು, ಸೆಟೆದು ಬಿದ್ದ ಪ್ರಸಂಗಗಳು ಪಶುವೈದ್ಯರ ಬರಹಗಳಲ್ಲಿ ದಾಖಲಾಗಿವೆ. ದಕ್ಷಿಣ ಅಮೆರಿಕದ ಮೂಲನಿವಾಸಿಗಳು ಈ ಜಾತಿಯ ಕೆಲವು ಗಿಡಗಳನ್ನು ಔಷಧವಾಗಿ ಬಳಸಿದ್ದುಂಟು. ಅದು ಅವರ ತಲೆಮಾರುಗಳ ಅನುಭವ. ನಮ್ಮ ಅಡುಗೆಮನೆಯ ಕಷಾಯಕ್ಕೆ ಆಧಾರವಾಗದು. ಸೊಸೆಯಾದವರ ಒಂದು ಮಾತು ಆ ಮನೆಯನ್ನು ದೊಡ್ಡ ಆಪತ್ತಿನಿಂದ ಕಾಪಾಡಿತೆಂದೇ ಹೇಳಬೇಕು.

ಹನ್ನೆರಡನೆಯ ಶತಮಾನದ ಶರಣರು ಮನುಷ್ಯನ ಕುಲವನ್ನು ಕೇಳಬಾರದೆಂದು ನಮಗೆ ಕಲಿಸಿದರು. ಗಿಡದ ಕುಲವನ್ನಾದರೋ ಕೇಳಲೇಬೇಕು. ಇಲ್ಲಿ ಕೇಳುವುದು ಮೇಲುಕೀಳನ್ನು ಎಣಿಸುವುದಕ್ಕಲ್ಲ. ಅದರ ಗುಣವನ್ನು ತಿಳಿದು ಅದಕ್ಕೆ ತಕ್ಕ ಜಾಗವನ್ನು ಕೊಡುವುದಕ್ಕೆ. ಕುಲ ತಿಳಿದ ಮೇಲೆ ಆ ಗಿಡವನ್ನು ಕಡಿದುಹಾಕಬೇಕೆಂದು ಯಾರೂ ಹೇಳಲಿಲ್ಲ. ಮಗುವಿನ ಕೈಗೆ ಎಟುಕದಂತೆ ಕೆಳಗಿನ ರೆಂಬೆಗಳನ್ನು ಸವರಿದರು. ಕಾಯಿ ಕಟ್ಟಿದರೆ ಬಲಿಯುವ ಮೊದಲೇ ತೆಗೆದುಹಾಕುವುದೆಂದು ಮಾಡಿಕೊಂಡರು. ಗಿಡ ತನ್ನ ಮೂಲೆಯಲ್ಲಿ ಹೂ ಬಿಡುತ್ತಲೇ ಇದೆ.

ಪರದೇಶದ ಹೂ, ನಮ್ಮ ಪೂಜೆ

ಬ್ರೆಜಿಲ್ಲಿನ ಗಿಡ ದೊಮ್ಮಲೂರಿಗೆ ಹೇಗೆ ಬಂದಿತು ಎಂಬ ಪ್ರಶ್ನೆ ಸಹಜ. ಬೆಂಗಳೂರಿನ ಹವೆ ಪರದೇಶದ ಹೂಗಿಡಗಳಿಗೆ ಚೆನ್ನಾಗಿ ಒಗ್ಗುತ್ತದೆ. 1760ರ ಸುಮಾರಿಗೆ ಹೈದರಾಲಿ ಆರಂಭಿಸಿದ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಿಂದ 1908ರವರೆಗೆ ಅದರ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರಾನ್, ಅವರ ಬಳಿಕ ಬಂದ ಜರ್ಮನಿಯ ಕ್ರುಂಬಿಗಲ್ ಇವರು ನಾನಾ ದೇಶಗಳಿಂದ ಗಿಡಗಳನ್ನು ತರಿಸಿ ಬೆಳೆಸಿದರು. ಲಾಲ್‌ಬಾಗಿನಲ್ಲಿಯೂ ಬೆಂಗಳೂರಿನ ಸುತ್ತಮುತ್ತಲೂ ಇದ್ದ ಗಿಡಗಳ ಪಟ್ಟಿಯೊಂದನ್ನು ಕ್ಯಾಮರಾನ್ ಸಿದ್ಧಪಡಿಸಿದ್ದರು. ನಮ್ಮ ಅಡುಗೆಮನೆಯ ಸೀಮೆಬದನೆಯನ್ನು ಇಲ್ಲಿಗೆ ತಂದವರೂ ಅವರೇ ಎನ್ನುತ್ತಾರೆ. ದಂಡಿನ ಬಂಗಲೆಗಳ ತೋಟಗಳು ಇಂತಹ ಗಿಡಗಳಿಂದ ತುಂಬಿದವು. ಅಲ್ಲಿಂದ ಒಂದೊಂದು ಕಡ್ಡಿ ಕೈಯಿಂದ ಕೈಗೆ ದಾಟಿ ಬಡಾವಣೆಯ ಮನೆಗಳನ್ನು ಸೇರುವುದು ತೋಟಗಾರರ ಲೋಕದಲ್ಲಿ ಹೊಸತಲ್ಲ. ಗಿಡ ಬಂದಿತು, ಹೆಸರು ದಾರಿಯಲ್ಲಿ ಉದುರಿಹೋಯಿತು.

ಹಾಗಾದರೆ ಪರದೇಶದ ಹೂ ಲಿಂಗಕ್ಕೆ ಸಲ್ಲುವುದೆ? ದೊಡ್ಡಮ್ಮನವರ ಮೊದಲ ಪ್ರಶ್ನೆ ಇದೇ ಅಲ್ಲವೆ? ಭಕ್ತರೆಲ್ಲರೂ ಬಲ್ಲ ನಾಗಲಿಂಗ ಪುಷ್ಪವನ್ನು ನೆನೆಯೋಣ. ಹೂವಿನ ನಡುವೆ ಲಿಂಗದಂತಹ ಉಬ್ಬು, ಅದರ ಮೇಲೆ ಹೆಡೆಯಂತೆ ಬಾಗಿದ ಕೇಸರಗಳ ಗೊಂಚಲು. ಈ ಮರ ದಕ್ಷಿಣ ಅಮೆರಿಕದ್ದು. 1775ರಲ್ಲಿ ಫ್ರಾನ್ಸಿನ ಆಬ್ಲೆ ಎಂಬ ಸಸ್ಯಶಾಸ್ತ್ರಜ್ಞ ಇದಕ್ಕೆ ಗಯಾನಾ ನಾಡಿನ ಹೆಸರನ್ನಿಟ್ಟ. ದೇವಕಣಗಿಲೆಯ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ಹಬ್ಬಹಬ್ಬಕ್ಕೂ ಬಾಗಿಲಿಗೆ ಕಟ್ಟುವ ಚೆಂಡುಹೂವೂ ಮೆಕ್ಸಿಕೋ ಕಡೆಯದೇ. ನಮ್ಮ ಜನ ಇವುಗಳ ಊರನ್ನು ಕೇಳಿ ದೂರವಿಡಲಿಲ್ಲ. ಕನ್ನಡದ ಹೆಸರು ಕೊಟ್ಟು, ತಮ್ಮ ಪೂಜೆಗೆ ಬರಮಾಡಿಕೊಂಡರು. ಆದ್ದರಿಂದ ಹೂವಿನ ದೇಶ ಪೂಜೆಗೆ ಅಡ್ಡಿಯಲ್ಲ. ಭಾವ ಶುದ್ಧವಾಗಿರಬೇಕು, ಹೂ ಶುದ್ಧವಾಗಿರಬೇಕು.

ಆದರೆ ಪೂಜೆಗೆ ಸಲ್ಲುವುದೆಲ್ಲ ಬಾಯಿಗೆ ಸಲ್ಲದು ಎಂಬುದನ್ನು ನಮ್ಮ ತಾಯಂದಿರು ಮರೆಯಬಾರದು. ಶಿವನಿಗೆ ಪ್ರಿಯವೆಂದು ನಾವು ಏರಿಸುವ ಎಕ್ಕ, ಉಮ್ಮತ್ತಿ, ಕಣಗಿಲೆ ಇವು ಮೂರೂ ವಿಷದ ಗಿಡಗಳು. ಕಣಗಿಲೆ, ಹಳದಿ ಕಣಗಿಲೆ ಇವುಗಳ ಎಲೆ, ಹೂ, ಬೀಜ ಎಲ್ಲವೂ ಹೃದಯದ ಬಡಿತವನ್ನೇ ಕೆಡಿಸಬಲ್ಲವು. ಹಾಲು ತೊಟ್ಟಿಕ್ಕುವ ಎಕ್ಕ ಕಣ್ಣಿಗೆ ಅಪಾಯಕರ. ನಮ್ಮಲ್ಲಿ ಲಿಂಗಪೂಜೆಯ ಬಳಿಕ ಪಾದೋದಕ, ಪ್ರಸಾದಗಳ ಸ್ವೀಕಾರ ಅಷ್ಟಾವರಣದ ಅಂಗ. ಆದುದರಿಂದ ಈ ಹೂಗಳಾಗಲಿ, ಹೆಸರು ತಿಳಿಯದ ಹೂಗಳಾಗಲಿ ಪಾದೋದಕದ ನೀರಿನಲ್ಲಿ ನೆನೆಯದಂತೆ ನೋಡಿಕೊಳ್ಳುವುದು ಅಗತ್ಯ. ಇಂತಹ ಹೂ ಏರಿಸಿದ್ದರೆ ಅದನ್ನು ತೆಗೆದಿಟ್ಟು, ಕೈತೊಳೆದು, ಬೇರೆ ಶುದ್ಧ ನೀರಿನಿಂದ ಪಾದೋದಕ ಮಾಡಿಕೊಳ್ಳುವುದು ಕ್ಷೇಮ. ಬಿಲ್ವ, ತುಂಬೆ, ಮಲ್ಲಿಗೆಗಳು ಇರುವಾಗ ಅವನ್ನೇ ಬಳಸಬಹುದು. ದೊಡ್ಡಮ್ಮನವರು ಹಾಗೆಯೇ ನಿರ್ಧರಿಸಿದರು. ನೇರಳೆಯ ಹೂ ಗಿಡದಲ್ಲಿಯೇ ಇರಲಿ, ನೋಡಿ ಸಂತೋಷಪಡುವುದಕ್ಕೆ ಅಷ್ಟು ಸಾಕು ಎಂದರು.

ಮನೆಮಂದಿ ಮಾಡಬಹುದಾದುದು

ಹೆಸರರಿಯದ ಗಿಡ ಯಾರ ತೋಟದಲ್ಲಿಯೂ ಇರಬಹುದು. ಅದರ ಎಲೆಗಳು ಎದುರುಬದುರಾಗಿವೆಯೋ ಒಂದೊಂದಾಗಿವೆಯೋ, ಕಾಂಡ ದುಂಡೋ ಚೌಕವೋ, ಮುರಿದರೆ ಹಾಲು ಬರುವುದೋ, ಹೂವಿಗೆ ಎಷ್ಟು ದಳ, ಎಷ್ಟು ಕೇಸರ, ಯಾವ ತಿಂಗಳಲ್ಲಿ ಅರಳುವುದು, ಕಾಯಿ ಹೇಗಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಹೂವೂ ಎಲೆಯೂ ಕೂಡಿದ ರೆಂಬೆಯೊಂದನ್ನು ಹಳೆಯ ಪತ್ರಿಕೆಯ ಮಡಿಕೆಯಲ್ಲಿಟ್ಟು, ಮೇಲೆ ಭಾರ ಹೇರಿ ಒಣಗಿಸಿದರೆ ವರ್ಷಗಟ್ಟಲೆ ಉಳಿಯುತ್ತದೆ. ಸಸ್ಯಶಾಸ್ತ್ರಜ್ಞರೂ ಮಾಡುವುದು ಇದನ್ನೇ. ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಇದನ್ನು ತೋರಿಸಿ ಕೇಳಬಹುದು. ಕಾಡುಗಿಡಗಳ ಗ್ರಂಥಗಳಲ್ಲಿ ಹುಡುಕಿದರೆ ತೋಟದ ಅತಿಥಿಗಳು ಸಿಗುವುದು ಕಷ್ಟ. ಅವಕ್ಕೆ ತೋಟಗಾರಿಕೆಯ ಪುಸ್ತಕಗಳೇ ಬೇಕು. ಸಸ್ಯಲೋಕವನ್ನು ಕನ್ನಡದಲ್ಲಿ ಕಥೆಯಂತೆ ಓದಬಯಸುವ ಎಳೆಯರಿಗೆ ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' ಇದ್ದೇ ಇದೆ.

ಮಗುವೊಂದು ಗುರುತಿಲ್ಲದ ಎಲೆಯನ್ನೋ ಕಾಯಿಯನ್ನೋ ತಿಂದಿತೆಂದು ತಿಳಿದರೆ ಮನೆಮದ್ದಿಗೆ ಕೈಹಾಕದೆ, ವಾಂತಿ ಮಾಡಿಸಲು ಹೋಗದೆ, ಬಾಯಲ್ಲಿ ಉಳಿದುದನ್ನು ತೆಗೆದು, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಆ ಗಿಡದ ಒಂದು ರೆಂಬೆಯನ್ನೂ ಜೊತೆಗೆ ಒಯ್ದರೆ ವೈದ್ಯರಿಗೆ ಅರ್ಧ ಕೆಲಸ ಹಗುರವಾಗುತ್ತದೆ.

ಇನ್ನು ತುಂಬೆಯ ಮಾತು. ತುಂಬೆಯಿಂದ ಹೆಸರು ಪಡೆಯಿತೆನ್ನುವ ಊರಿನಲ್ಲಿ ಬೆಳೆಯುತ್ತಿರುವ ಆ ಮನೆಯ ಮಕ್ಕಳಿಗೆ ತುಂಬೆ ಯಾವುದೆಂದು ತಿಳಿದಿರಲಿಲ್ಲ. ಮೊಣಕಾಲೆತ್ತರದ ಪುಟ್ಟ ಗಿಡ. ಚೌಕದ ಕಾಂಡ, ಎದುರುಬದುರಾದ ಒರಟು ಎಲೆ, ಗಂಟುಗಂಟಿಗೂ ದುಂಡಗೆ ಕುಳಿತ ಹೂಗುಚ್ಛ, ಅದರಿಂದ ನಾಲಿಗೆ ಚಾಚಿದಂತೆ ಹೊರಬರುವ ಬಿಳಿಯ ಹೂ. ತುಳಸಿ, ಕಾಮಕಸ್ತೂರಿ, ದೊಡ್ಡಪತ್ರೆಗಳ ಕುಟುಂಬದ್ದು. ಯಾರೂ ನೆಡದೆ, ನೀರೆರೆಯದೆ, ಮಳೆ ಬಿದ್ದ ಮೇಲೆ ಖಾಲಿ ನಿವೇಶನಗಳಲ್ಲಿ, ಹೊಲದ ಬದುಗಳಲ್ಲಿ ತಾನಾಗಿಯೇ ಏಳುತ್ತದೆ. ಕಳೆಯೆಂದು ಕಿತ್ತೆಸೆಯುವವರೇ ಹೆಚ್ಚು. ಈ ಮಳೆಗಾಲದಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ತುಂಬೆಯನ್ನು ತೋರಿಸಬೇಕೆಂದು, ಬೀಜ ಬಲಿತ ಒಂದು ಗಿಡವನ್ನು ತಂದು ತೋಟದ ಅಂಚಿನಲ್ಲಿ ಉದುರಿಸಬೇಕೆಂದು ವಾಚಕ ಬಂಧುಗಳಲ್ಲಿ ನಮ್ಮ ವಿನಂತಿ. ಮುಂದಿನ ಮಳೆಗೆ ಅದು ಮೊಳೆತರೆ, ಪೂಜೆಯ ಹೂವಿಗೆ ಅಂಗಡಿಯನ್ನೂ ಹೆಸರಿಗೆ ಪರರನ್ನೂ ಕೇಳಬೇಕಾಗುವುದಿಲ್ಲ.